ಉಬ್ಬಸವೂ ತಡೆಮದ್ದೂ

ಉಬ್ಬಸವುಳ್ಳ ಮಗುವಿಗೆ ರಾತ್ರಿ ನಿದ್ರೆಯಿಲ್ಲ, ಹಗಲು ಆಟವಿಲ್ಲ. ಶ್ವಾಸನಾಳಗಳ ಒಳಪದರವು ಊದಿಕೊಂಡು ಉಸಿರಿನ ದಾರಿ ಕಿರಿದಾಗುವುದೇ ಇದಕ್ಕೆ ಕಾರಣ.

ಸೇದುವ ಮದ್ದಿನಲ್ಲಿ ಮುಖ್ಯವಾಗಿ ಎರಡು ಬಗೆ. ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಬಿಗಿದ ನಾಳವನ್ನು ಸಡಿಲಿಸುತ್ತದೆ. ಆದರೆ ಊತವನ್ನು ಇಳಿಸದು. ಊತವನ್ನು ಇಳಿಸುವುದು ತಡೆಮದ್ದು. 1972ರಲ್ಲಿ ಬಳಕೆಗೆ ಬಂದ ಬೆಕ್ಲೊಮೆಥಾಸೋನ್ ಹಾಗೂ ಅನಂತರ ಬಂದ ಬುಡೆಸೊನೈಡ್ ಈ ಬಗೆಯ ಸ್ಟೀರಾಯ್ಡ್‌ಗಳು. ಇವುಗಳನ್ನು ದಿನವೂ ಸೇದಬೇಕು; ಪೂರ್ಣ ಗುಣ ಕಾಣಲು ಕೆಲವು ವಾರಗಳು ಬೇಕು.

ಸೇದಿದ ಮದ್ದಿನ ಬಹುಭಾಗ ಬಾಯಿ, ಗಂಟಲುಗಳಲ್ಲೇ ಉಳಿಯುವುದುಂಟು. ಅದರಿಂದ ಕೆಲವರಿಗೆ ಸ್ವರ ಗೊಗ್ಗರಾಗುತ್ತದೆ, ನಾಲಗೆಯ ಮೇಲೆ ಬಿಳಿಯ ಪದರ ಕಟ್ಟುತ್ತದೆ. ವಾರ್ಷಿಕೋತ್ಸವದಲ್ಲಿ ಹಾಡಬೇಕಾದ ಹುಡುಗಿ ಇದಕ್ಕೆ ಬೇಸತ್ತು ಮದ್ದನ್ನೇ ಬಿಟ್ಟರೇನಾದೀತು? ಊತ ಮರಳುತ್ತದೆ, ಒಮ್ಮೊಮ್ಮೆ ಪ್ರಾಣಕ್ಕೇ ಅಪಾಯವಾದೀತು.

ಇದಕ್ಕೆ ಉಪಾಯಗಳಿವೆ. ಒತ್ತಿ ಸೇದುವ ಇನ್‌ಹೇಲರಿಗೆ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿದರೆ ಗಂಟಲಿಗೆ ಬೀಳುವ ಮದ್ದು ಕಡಿಮೆಯಾಗುತ್ತದೆ. ಸೇದಿದ ಬಳಿಕ ಬಾಯಿ ಮುಕ್ಕಳಿಸಿ ನೀರನ್ನು ಉಗುಳಬೇಕು. ಆದರೂ ಸ್ವರ ಸರಿಹೋಗದಿದ್ದರೆ ವೈದ್ಯರು ಪ್ರಮಾಣವನ್ನು ತಗ್ಗಿಸಬಹುದು ಅಥವಾ ಮದ್ದನ್ನು ಬದಲಿಸಬಹುದು. ಉದಾಹರಣೆಗೆ, ಸಿಕ್ಲೆಸೊನೈಡ್ ಶ್ವಾಸಕೋಶವನ್ನು ಸೇರಿದ ಮೇಲೆಯೇ ಹೆಚ್ಚಾಗಿ ಕ್ರಿಯಾಶೀಲವಾಗುವುದರಿಂದ ಗಂಟಲಿಗೆ ತೊಂದರೆ ಕಡಿಮೆ.

ಹೆತ್ತವರೇ, ಸ್ಟೀರಾಯ್ಡ್ ಎಂದೊಡನೆ ಅಂಜದಿರಿ. ಬಹುಕಾಲ ಸೇದಿದ ಮಕ್ಕಳ ಎತ್ತರವು ಸುಮಾರು ಒಂದು ಸೆಂಟಿಮೀಟರ್ ಕುಗ್ಗಬಹುದು. ಅದನ್ನು ವೈದ್ಯರು ಅಳೆದು ನೋಡುತ್ತಾರೆ. ವಿದ್ಯಾರ್ಥಿಗಳೇ, ತೊಂದರೆಯಾದರೆ ಹೇಳಿಕೊಳ್ಳಿ. ಹೇಳದೆ ಮದ್ದು ಬಿಡಬೇಡಿ. ಒಂದು ಒಗ್ಗದಿದ್ದರೆ ಒಗ್ಗುವ ಇನ್ನೊಂದನ್ನು ಹುಡುಕಬಹುದು.