ಮಾರುವವನ ಬಾಯಿ, ಕೊಳ್ಳುವವನ ಬಾಯಿ

ಓದುವ ಭಾಗ: ಯಾಜಕಕಾಂಡ 25:14-16, ಜ್ಞಾನೋಕ್ತಿಗಳು 11:1, 20:14

 

ಯಾಜಕಕಾಂಡ 25 ಜೂಬಿಲಿ ಸಂವತ್ಸರದ ಅಧ್ಯಾಯ. ಅದರ ನಡುವೆ ದೇವರು ವ್ಯಾಪಾರದ ಮಾತೆತ್ತುತ್ತಾರೆ. ಮಾರುವವನೂ ಕೊಳ್ಳುವವನೂ ಒಬ್ಬರಿಗೊಬ್ಬರು ಅನ್ಯಾಯ ಮಾಡಬಾರದು. ಮುಂದಿನ ಜೂಬಿಲಿವರೆಗೆ ಎಷ್ಟು ಬೆಳೆ ಸಿಗುತ್ತೋ ಅಷ್ಟಕ್ಕೇ ಹೊಲದ ಬೆಲೆ. ಅಂದ್ರೆ ಬೆಲೆ ಇರೋದು ನಿಜಕ್ಕೆ, ತೋರಿಕೆಗಲ್ಲ.

ನಮ್ಮ ಸಭೆಯ ಒಬ್ಬ ಸಹೋದರರ ಒಪ್ಪಿಗೆಯಿಂದ ಇದನ್ನ ಹೇಳ್ತಿದ್ದೀನಿ. ಅವರ ಹತ್ತಿರ ತಂದೆಯವರ ಜಾವಾ ಇದೆ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ; ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಕ್ರೋಮ್, ಪೇಂಟ್, ಬೋರಿಂಗ್ ಎಲ್ಲಾ ಮಾಡಿಸಿ ಹೊಸದರಂತೆ ನಿಲ್ಲಿಸಿದ್ದಾರೆ. ಮಗಳ ನರ್ಸಿಂಗ್ ಫೀಸಿಗಾಗಿ ಈಗ ಮಾರಬೇಕು. ಆದರೆ ಒಡೆದ ಕ್ರ್ಯಾಂಕ್ ಕೇಸ್ ಬದಲು ಬೇರೆ ಗಾಡಿಯದ್ದು ಕೂತಿದೆ, ಆರ್‌ಸಿಯಲ್ಲಿರೋ ಎಂಜಿನ್ ನಂಬರ್ ಬೇರೆ. ಒಬ್ಬ ಬ್ರೋಕರ್ ಹೇಳಿದ: “ಹಳೇ ನಂಬರ್ ಪಂಚ್ ಮಾಡಿಸಿ, ಇಲ್ಲಾಂದ್ರೆ 20 ಸಾವಿರ ಕಮ್ಮಿ ಆಗುತ್ತೆ.”

ಪ್ರಿಯರೇ, ವಾಕ್ಯ ಏನು ಹೇಳುತ್ತೆ?

1. ಸುಳ್ಳು ನಂಬರ್ ಸುಳ್ಳು ತೂಕದ ಕಲ್ಲು. ಜ್ಞಾನೋಕ್ತಿ 11:1ರಲ್ಲಿ ತೂಕದ ಬಟ್ಟಿಗೆ ಇಬ್ರಿಯ ಭಾಷೆಯಲ್ಲಿ ಇರೋದು ‘ಕಲ್ಲು’ ಅನ್ನೋ ಪದವೇ. ನೋಡೋಕೆ ಸರಿಯಾಗಿರೋ ಕಲ್ಲು, ತೂಕದಲ್ಲಿ ಮೋಸ. ದೇವರು ಅದನ್ನ ಅಸಹ್ಯ ಅಂತಾರೆ. ಕಾನೂನಲ್ಲೂ ಅದು ಅಪರಾಧ. ಮೊದಲು ಆರ್‌ಟಿಓದಲ್ಲಿ ಎಂಜಿನ್ ಬದಲಾವಣೆ ಆರ್‌ಸಿಗೆ ಸೇರಿಸಿ, ಆಮೇಲೆ ಮಾರಿ.

2. ಕೇಳದಿದ್ದರೂ ಹೇಳಿ. ಟ್ಯಾಂಕಿನ ಪೇಂಟ್ ಕೆಳಗೆ ಪಟ್ಟಿ ಇದ್ದರೆ ಹೇಳಿ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಸೀಲ್ ಹೋಗಿದ್ದರೆ ಹೊಗೆ ಹೆಚ್ಚು, ಅದನ್ನೂ ಹೇಳಿ. ಗಿರಾಕಿ ಬರೋ ಮುಂಚೆ ಎಂಜಿನ್ ಬಿಸಿ ಮಾಡಿಟ್ಟು “ಒಂದೇ ಕಿಕ್” ಅನ್ನಬೇಡಿ. ತಣ್ಣಗಿರೋ ಗಾಡಿಯನ್ನ ಅವನೇ ಸ್ಟಾರ್ಟ್ ಮಾಡಲಿ.

3. ಕೊಳ್ಳುವವನಿಗೂ ವಾಕ್ಯ ಇದೆ. ಜ್ಞಾನೋಕ್ತಿ 20:14ರ ಗಿರಾಕಿ ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂತ ಬೆಲೆ ಇಳಿಸ್ತಾನೆ, ಆಚೆ ಹೋಗಿ ಹೆಚ್ಚಳಪಡ್ತಾನೆ. ಮಾರುವವನ ಕಷ್ಟ ನೋಡಿ ಅರ್ಧ ಬೆಲೆಗೆ ಕೇಳೋದೂ ಅನ್ಯಾಯವೇ.

4. ಬಿಡುವಾಗ ಪೂರ್ತಿ ಬಿಡಿ. ಫಾರಂ 29, 30 ಸಹಿ ಮಾಡಿಕೊಟ್ಟರೆ ಸಾಲದು, ಹೆಸರು ವರ್ಗಾವಣೆ ಆಗೋವರೆಗೂ ವಿಚಾರಿಸಿ. ಆರ್‌ಸಿಯಲ್ಲಿ ಹೆಸರು ನಿಮ್ಮದೇ ಉಳಿದರೆ ನಾಳೆ ಅಪಘಾತವಾದಾಗ ಜವಾಬ್ದಾರಿಯೂ ನಿಮ್ಮ ತಲೆಗೇ ಬರಬಹುದು.

ಸತ್ಯ ಹೇಳಿದರೆ ಆ 20 ಸಾವಿರ ಬೇರೆ ದಾರೀಲಿ ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಆ ರೀತಿ ವಾಗ್ದಾನ ಈ ವಾಕ್ಯಗಳಲ್ಲಿಲ್ಲ. ಸಹೋದರರು ನಂಬರ್ ಮುಟ್ಟಿಸಲಿಲ್ಲ. ನಷ್ಟ ನಿಜವಾದ ನಷ್ಟವೇ. ಆದ್ದರಿಂದ ದೇವಜನರೇ, “ಪ್ರಾರ್ಥನೆ ಮಾಡ್ತೀವಿ ಬ್ರದರ್” ಅಂದು ಸುಮ್ಮನೆ ಹೋಗಬೇಡಿ. ಆ ಮಗಳ ಫೀಸಿಗೆ ಸಭೆಯಾಗಿ ಕೈ ಜೋಡಿಸೋಣ. ನಂಬಿಗಸ್ತಿಕೆಯ ಬೆಲೆಯನ್ನ ಒಬ್ಬರ ಮೇಲೇ ಬಿಡಬಾರದು.

ಪ್ರಾರ್ಥಿಸೋಣ. ತಂದೆಯೇ, ನಮ್ಮ ಬಾಯಲ್ಲಿ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ. ಯೇಸುವಿನ ನಾಮದಲ್ಲಿ, ಆಮೆನ್.