ಎರಡು ಸಾಲ ಹೋಲಿಸಿ ಬರೆಯೋದು ಹೇಗೆ?



ಭಾಲ್ಕಿ, ಔರಾದ್ ಕಡೆ ಸಭೆಗೆ ಬಂದಾಗ ನಾವು ನಡಾವಳಿ ಪುಸ್ತಕ ತೆರೆದು ನೋಡುತ್ತೇವೆ. "ಎರಡು ಕಡೆಯ ಸಾಲದ ಬಗ್ಗೆ ಚರ್ಚಿಸಲಾಯಿತು" ಎಂದಷ್ಟೇ ಇರುತ್ತದೆ. ಯಾವುದು ಹಗುರ, ಯಾವುದು ಭಾರ ಅಂತ ಓದಿದವರಿಗೆ ತಿಳಿಯೋದಿಲ್ಲ.

ಹೋಲಿಸುವಾಗ ಮೊದಲು ಎರಡರಲ್ಲೂ ಒಂದೇ ಆಗಿರೋದನ್ನು ಬರೆಯಿರಿ, ಆಮೇಲೆ ಬೇರೆಯಾಗಿರೋದನ್ನು. ಒಂದು ಸಾಲದ ಕಥೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಮೊದಲಿನದು ಮರೆತುಹೋಗುತ್ತದೆ. ಬಡ್ಡಿಯ ಎದುರಿಗೆ ಬಡ್ಡಿ, ಕಂತಿನ ಎದುರಿಗೆ ಕಂತು ಇಡಿ. ನಡುವೆ ‘ಆದರೆ’ ಬರಲಿ. ಹೀಗೆ:

"ಎರಡೂ ಕಡೆ ಸಾಲ 10,000 ರೂಪಾಯಿ, ಅವಧಿ 10 ತಿಂಗಳು, ಬಡ್ಡಿ ತಿಂಗಳಿಗೆ ನೂರಕ್ಕೆ 2, ಅಸಲಿನ ಕಂತು 1,000. ಆದರೆ ಹೊರಗಿನ ಸಾಲದಲ್ಲಿ ಕೊನೆಯವರೆಗೂ ಪೂರ್ತಿ 10,000ಕ್ಕೇ ಬಡ್ಡಿ. ಸಂಘದಲ್ಲಿ ಉಳಿದ ಅಸಲಿಗೆ ಮಾತ್ರ. ಹೊರಗೆ ಪ್ರತಿ ತಿಂಗಳೂ ಬಡ್ಡಿ 200; ಸಂಘದಲ್ಲಿ ಮೊದಲ ತಿಂಗಳು 200, ಎರಡನೆಯ ತಿಂಗಳು 180, ಹೀಗೆ ಇಳಿದು ಕೊನೆಗೆ 20. ಹೊರಗೆ ಒಟ್ಟು ಬಡ್ಡಿ 2,000, ಸಂಘದಲ್ಲಿ 1,100. ಆದ್ದರಿಂದ ಸಂಘದಲ್ಲೇ ಸಾಲ ಪಡೆಯಲು ತೀರ್ಮಾನಿಸಲಾಯಿತು."

ನೋಡಿದಿರಾ, ಬಾಯಿಮಾತಿನಲ್ಲಿ ಎರಡೂ ‘ನೂರಕ್ಕೆ ಎರಡು’! 900 ರೂಪಾಯಿ ವ್ಯತ್ಯಾಸ ಕಂಡದ್ದು ಬರೆದಾಗಲೇ. (ಲೆಕ್ಕ ಹಾಕದೆ "ಎರಡೂ ಒಂದೇ" ಅಂತ ನಾವೂ ಒಮ್ಮೆ ಹೇಳಿದ್ದುಂಟು.)

ಬೀದರ್‌ಗೆ ಕಿರುಸಾಲ ಕೇಳಲು ಹೋದಾಗ ವಿವರಪತ್ರ ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅದನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು. ಮರಾಠಿ ಬೇಕಿದ್ದವರು ಮರಾಠಿಯಲ್ಲೇ ಕೇಳಿ. ಶುಲ್ಕ, ವಿಮೆಯ ರೊಕ್ಕವನ್ನೂ ಹೀಗೆಯೇ ಎದುರುಬದುರು ಬರೆಯಿರಿ. ಮುಂದಿನ ಸಭೆಗೆ ಪುಸ್ತಕ ತನ್ನಿ, ಕೂಡಿ ನೋಡೋಣ.