ಸೆಷನ್ ವೇರಿಯಬಲ್: ಬೀಗ ಮತ್ತು ನಕಲು

ಎಚ್‌ಟಿಟಿಪಿ ಸ್ಥಿತಿರಹಿತ ಪ್ರೋಟೊಕಾಲ್; ಹಿಂದಿನ ಕೋರಿಕೆ ಯಾರದೆಂಬುದು ಅದಕ್ಕೆ ನೆನಪಿರದು. ಆ ಕೊರತೆ ತುಂಬಲು ಸರ್ವರ್ ಪ್ರತಿ ಬಳಕೆದಾರನಿಗೂ ಇಟ್ಟುಕೊಳ್ಳುವ ಮಾಹಿತಿಯೇ ಸೆಷನ್ ವೇರಿಯಬಲ್. ಎರಡು ಟ್ಯಾಬ್ ತೆರೆದರೂ ಸೆಷನ್ ಒಂದೇ. ಎರಡೂ ಕಡೆಯಿಂದ ಏಕಕಾಲಕ್ಕೆ ಬರೆದರೆ ಒಂದು ಬದಲಾವಣೆ ಅಳಿಸಿಹೋಗಬಹುದು. ಇದೇ ರೇಸ್ ಕಂಡೀಷನ್.

1995ರಲ್ಲಿ ಹೊರಬಂದ ಕೋಲ್ಡ್‌ಫ್ಯೂಷನ್ ಎಂಬ ವೆಬ್ ಪ್ರೋಗ್ರಾಮಿಂಗ್ ವೇದಿಕೆಯಲ್ಲಿ ಇದನ್ನು ತಡೆಯಲು ಬೀಗ ಹಾಕುವ ಸಿಎಫ್‌ಲಾಕ್ ಟ್ಯಾಗ್ ಇದೆ. ಓದುವುದಕ್ಕೆ ರೀಡ್‌ಓನ್ಲಿ, ಬರೆಯುವುದಕ್ಕೆ ಎಕ್ಸ್‌ಕ್ಲೂಸಿವ್. ಬೀಗ ಹಿಡಿದಷ್ಟು ಹೊತ್ತು ಉಳಿದವರು ಕಾಯಬೇಕಾಗಬಹುದಾದ್ದರಿಂದ, ಬೇಕಾದ ಮಾಹಿತಿಯನ್ನು ನಕಲು ಮಾಡಿಕೊಂಡು ಬೇಗ ಬಿಟ್ಟುಕೊಡುವುದೇ ಒಳ್ಳೆಯ ಕ್ರಮ.

ಹಲವರು ಎಡವುವುದು ಈ ನಕಲಿನಲ್ಲಿಯೇ. ಸಮ ಚಿಹ್ನೆಯಿಂದ ಸ್ಟ್ರಕ್ಚರನ್ನು (ಹೆಸರಿಟ್ಟ ಮೌಲ್ಯಗಳ ಗುಂಪನ್ನು) ಇನ್ನೊಂದು ಹೆಸರಿಗೆ ಕೊಟ್ಟರೆ ನಕಲಾಗುವುದಿಲ್ಲ. ಒಂದೇ ಮನೆಗೆ ಎರಡು ವಿಳಾಸ ಬರೆದಂತೆ, ಉಲ್ಲೇಖವಷ್ಟೇ ಸಿಗುತ್ತದೆ. ಬೀಗ ತೆಗೆದ ಮೇಲೆ ಆ ಹೆಸರಿನಲ್ಲಿ ಮಾಡಿದ ತಿದ್ದುಪಡಿ ನೇರ ಸೆಷನ್‌ಗೇ ತಾಗುತ್ತದೆ. ಸ್ಟ್ರಕ್ಟ್‌ಕಾಪಿ ಫಂಕ್ಷನ್ ಮೇಲ್ಪದರವನ್ನು ಮಾತ್ರ ನಕಲಿಸುತ್ತದೆ, ಒಳಗಿನ ಸ್ಟ್ರಕ್ಚರ್‌ಗಳು ಹಳೆಯವೇ. ಪೂರ್ಣ ನಕಲಿಗೆ ಡೂಪ್ಲಿಕೇಟ್ ಫಂಕ್ಷನ್ ಬೇಕು.

ಕೋಲ್ಡ್‌ಫ್ಯೂಷನ್‌ನಲ್ಲಿ ಬೀಗವನ್ನು ನಾವೇ ಹಾಕಬೇಕು; ಆದರೆ ಪಿಎಚ್‌ಪಿಯ ಕಡತ ಆಧಾರಿತ ಸೆಷನ್‌ನಲ್ಲಿ ಸೆಷನ್ ಆರಂಭವಾದೊಡನೆ ಬೀಗ ತಾನಾಗಿ ಬೀಳುತ್ತದೆ. ಓದಿ ತಕ್ಷಣ ಮುಚ್ಚುವ ಆಯ್ಕೆ 7.0ನೇ ಆವೃತ್ತಿಯಲ್ಲಿ ಸೇರಿತು.